ವಿದೇಶದಲ್ಲಿ ವಿವಾಹ ಏರ್ಪಡಿಸಲು ಇಚ್ಛಿಸುವವರಿಗೆ ಪ್ರಾಥಮಿಕ ಮಾಹಿತಿ

ಬಾಲಿ, ಥಾಯ್ಲೆಂಡ್, ಇಟಲಿ ಮುಂತಾದ ಕಡೆಗಳಲ್ಲಿ ಮದುವೆ ಸಮಾರಂಭ ಏರ್ಪಡಿಸುವ ಪದ್ಧತಿ ಕರ್ನಾಟಕದ ಕುಟುಂಬಗಳಲ್ಲಿಯೂ ಕಂಡುಬರುತ್ತಿದೆ. ಹೊರದೇಶಗಳಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರು ಎರಡೂ ಕಡೆಯ ಬಂಧುಗಳಿಗೆ ಅನುಕೂಲವಾಗುವ ಮೂರನೆಯ ದೇಶವನ್ನು ಆರಿಸಿಕೊಳ್ಳುವುದೂ ಉಂಟು. ಇಂತಹ ವಿವಾಹಗಳಲ್ಲಿ ಸ್ಥಳ, ಊಟೋಪಚಾರ ಹಾಗೂ ಪ್ರಯಾಣದ ಏರ್ಪಾಡುಗಳು ಮೊದಲು ನಡೆದು, ವಿವಾಹದ ಕಾನೂನು ಸ್ವರೂಪದ ಪ್ರಶ್ನೆ ಕೊನೆಗೆ ಉಳಿಯುವುದು ಸಾಮಾನ್ಯವಾಗಿದೆ. ಇದರಿಂದ ವಿವಾಹದ ನಂತರ ಸಂಗಾತಿಯ ವೀಸಾ, ಜೀವನಾಂಶ, ಉತ್ತರಾಧಿಕಾರ ಮುಂತಾದ ವಿಷಯಗಳಲ್ಲಿ, ವಿಶೇಷವಾಗಿ ವಧುವಿಗೆ, ತೊಂದರೆ ಉಂಟಾಗುವ ಸಂಭವವಿರುತ್ತದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರು ಮುಂಗಡ ಹಣ ಪಾವತಿಸುವ ಮೊದಲು ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಮೊದಲ ತೀರ್ಮಾನ: ಯಾವ ಕಾನೂನಿನಡಿ ವಿವಾಹ?

ಸಮಾರಂಭ ಬೇರೆ, ಕಾನೂನುಬದ್ಧ ವಿವಾಹ ಬೇರೆ. ಹೋಟೆಲಿನ ಅಂಗಳದಲ್ಲಿ ಅಥವಾ ಸಮುದ್ರತೀರದ ಮಂಟಪದಲ್ಲಿ ನಡೆಯುವ ಸಮಾರಂಭವನ್ನು ಆ ದೇಶದ ಕಾನೂನು ಕೇವಲ ಸಾಂಕೇತಿಕವೆಂದು ಪರಿಗಣಿಸಬಹುದು. ಆದುದರಿಂದ ಎಲ್ಲಿ ಮದುವೆ ಎಂಬುದಕ್ಕಿಂತ ಮುಂಚೆ ಯಾವ ಕಾನೂನಿನಡಿ ಮದುವೆ ಎಂಬುದನ್ನು ಎರಡೂ ಕುಟುಂಬಗಳು ತೀರ್ಮಾನಿಸತಕ್ಕದ್ದು. ಸಾಮಾನ್ಯವಾಗಿ ಈ ಕೆಳಕಂಡ ನಾಲ್ಕು ಮಾರ್ಗಗಳಿವೆ.

(ಅ) ಕರ್ನಾಟಕದಲ್ಲಿಯೇ ಧಾರ್ಮಿಕ ವಿಧಿಯಂತೆ ವಿವಾಹವಾಗಿ, ಅದನ್ನು ನೋಂದಾಯಿಸಿ, ಆನಂತರ ವಿದೇಶದಲ್ಲಿ ಸಮಾರಂಭ ನಡೆಸುವುದು.
(ಆ) ಕರ್ನಾಟಕದಲ್ಲಿ ವಿಶೇಷ ವಿವಾಹ ಅಧಿನಿಯಮ, 1954ರ ಅಡಿಯಲ್ಲಿ ವಿವಾಹಾಧಿಕಾರಿಯ ಮುಂದೆ ವಿವಾಹವಾಗಿ, ಆನಂತರ ವಿದೇಶದಲ್ಲಿ ಸಮಾರಂಭ ನಡೆಸುವುದು.
(ಇ) ಸಮಾರಂಭ ನಡೆಯುವ ದೇಶದ ಸ್ಥಳೀಯ ಕಾನೂನಿನಂತೆ ವಿವಾಹವಾಗುವುದು.
(ಈ) ವಿದೇಶಿ ವಿವಾಹ ಅಧಿನಿಯಮ, 1969ರ ಅಡಿಯಲ್ಲಿ ಆ ದೇಶದಲ್ಲಿರುವ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ವಿವಾಹಾಧಿಕಾರಿಯ ಮುಂದೆ ವಿವಾಹವಾಗುವುದು.

2. ಕರ್ನಾಟಕದಲ್ಲಿ ಧಾರ್ಮಿಕ ವಿವಾಹ ಮತ್ತು ನೋಂದಣಿ

ಹಿಂದೂ ವಿವಾಹ ಅಧಿನಿಯಮ, 1955ರ ಕಲಂ 7ರಂತೆ ಹಿಂದೂ ವಿವಾಹವು ವಧು ಅಥವಾ ವರನ ಕಡೆಯ ಸಂಪ್ರದಾಯದ ವಿಧಿಗಳಂತೆ ನೆರವೇರಬೇಕು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದಲ್ಲಿ ಏಳನೆಯ ಹೆಜ್ಜೆಯೊಂದಿಗೆ ವಿವಾಹ ಪೂರ್ಣಗೊಳ್ಳುತ್ತದೆ. ಕಲಂ 8ರ ಅಡಿಯಲ್ಲಿನ ನೋಂದಣಿಯು ಹೀಗೆ ನೆರವೇರಿದ ವಿವಾಹಕ್ಕೆ ಪುರಾವೆಯೇ ಹೊರತು ವಿವಾಹಕ್ಕೆ ಪರ್ಯಾಯವಲ್ಲ.

ವೀಸಾ ಅರ್ಜಿಯ ಅವಸರಕ್ಕಾಗಿ ಯಾವುದೇ ವಿಧಿ ನಡೆಯದೆ ಮೊದಲೇ ನೋಂದಣಿ ಮಾಡಿಸಿ, ನಿಜವಾದ ಮದುವೆಯನ್ನು ಆರು ತಿಂಗಳ ನಂತರ ವಿದೇಶದಲ್ಲಿ ಇಟ್ಟುಕೊಳ್ಳುವ ಕುಟುಂಬಗಳು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಅಗತ್ಯ ವಿಧಿಗಳು ನಡೆಯದಿದ್ದಲ್ಲಿ ನೋಂದಣಿ ಪ್ರಮಾಣಪತ್ರವೊಂದರಿಂದಲೇ ಹಿಂದೂ ವಿವಾಹ ಸಿಂಧುವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಈ ಮಾರ್ಗವನ್ನು ಆರಿಸುವವರು ಊರಿನ ಮನೆಯಲ್ಲಾಗಲಿ ದೇವಸ್ಥಾನದಲ್ಲಾಗಲಿ ಧಾರೆ, ಮಾಂಗಲ್ಯಧಾರಣೆ ಮುಂತಾಗಿ ತಮ್ಮ ಸಂಪ್ರದಾಯದ ಅಗತ್ಯ ವಿಧಿಗಳನ್ನು ಹಿರಿಯರ ಸಮ್ಮುಖದಲ್ಲಿ ನೆರವೇರಿಸಿ, ಆನಂತರವೇ ಉಪನೋಂದಣಾಧಿಕಾರಿಯವರಿಗೆ ಅರ್ಜಿ ಸಲ್ಲಿಸುವುದು ಕ್ಷೇಮಕರ. ಸಮಾರಂಭ ಸರಳವಾಗಿದ್ದರೆ ಕಾನೂನಿನ ದೃಷ್ಟಿಯಲ್ಲಿ ಕೊರತೆಯೇನೂ ಇರುವುದಿಲ್ಲ. ಹಿಂದೂ ವಿವಾಹ ನೋಂದಣಿಗೆ ಕಾವೇರಿ 2.0 ತಂತ್ರಾಂಶದ ಮೂಲಕವೂ ಅರ್ಜಿ ಸಲ್ಲಿಸಬಹುದಾಗಿದೆ.

3. ವಿಶೇಷ ವಿವಾಹ ಅಧಿನಿಯಮದಡಿ ವಿವಾಹ

ಎಲ್ಲ ಧಾರ್ಮಿಕ ವಿಧಿಗಳನ್ನೂ ವಿದೇಶದಲ್ಲಿಯೇ ನಡೆಸಲು ಬಯಸುವವರಿಗೂ, ಭಿನ್ನ ಧರ್ಮಗಳಿಗೆ ಸೇರಿದ ವಧು-ವರರಿಗೂ ಈ ಮಾರ್ಗ ಸೂಕ್ತವಾಗಿದೆ. ಇಲ್ಲಿ ವಿವಾಹಾಧಿಕಾರಿ ಹಾಗೂ ಮೂವರು ಸಾಕ್ಷಿಗಳ ಸಮ್ಮುಖದಲ್ಲಿ ವಧು-ವರರು ಮಾಡುವ ಘೋಷಣೆಯಿಂದಲೇ ವಿವಾಹವು ಪೂರ್ಣಗೊಳ್ಳುತ್ತದೆ. ಕಲಂ 13ರಂತೆ ನೀಡಲಾಗುವ ಪ್ರಮಾಣಪತ್ರವು ವಿವಾಹದ ನಿರ್ಣಾಯಕ ಸಾಕ್ಷ್ಯವಾಗಿರುತ್ತದೆ.

ಈ ಮಾರ್ಗದಲ್ಲಿ ದಿನಾಂಕಗಳ ಲೆಕ್ಕಾಚಾರವೇ ಮುಖ್ಯ.

• ವಧು ಅಥವಾ ವರ, ಇಬ್ಬರಲ್ಲಿ ಒಬ್ಬರಾದರೂ ಸೂಚನಾಪತ್ರ ನೀಡುವ ದಿನಕ್ಕೆ ನಿಕಟಪೂರ್ವದಲ್ಲಿ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಾಗಿರತಕ್ಕದ್ದು.
• ಸೂಚನಾಪತ್ರವನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಪ್ರಕಟಿಸಲಾಗುವುದು. ಆಕ್ಷೇಪಣೆಗೆ 30 ದಿನಗಳ ಅವಕಾಶವಿರುತ್ತದೆ.
• ಸೂಚನಾಪತ್ರ ನೀಡಿದ ದಿನದಿಂದ ಮೂರು ತಿಂಗಳೊಳಗೆ ವಿವಾಹ ನಡೆಯದಿದ್ದಲ್ಲಿ ಹೊಸದಾಗಿ ಸೂಚನಾಪತ್ರ ನೀಡಬೇಕಾಗುತ್ತದೆ.

ಉದಾಹರಣೆಗೆ, ಧನುರ್ಮಾಸ ಕಳೆದ ಮೇಲೆ ಜನವರಿ ಕೊನೆಯ ವಾರದಲ್ಲಿ ವಿದೇಶದ ಸಮಾರಂಭಕ್ಕೆ ಮುಹೂರ್ತ ಗೊತ್ತಾಗಿದೆ ಎಂದಿಟ್ಟುಕೊಳ್ಳೋಣ. ಜನವರಿ 10ರಂದು ವಿವಾಹಾಧಿಕಾರಿಯ ಮುಂದೆ ವಿವಾಹವಾಗಬೇಕಾದರೆ ಸೂಚನಾಪತ್ರವನ್ನು ಅಕ್ಟೋಬರ್ ಮಧ್ಯಭಾಗದಿಂದ ಡಿಸೆಂಬರ್ ಮೊದಲ ವಾರದೊಳಗೆ ನೀಡಿರಬೇಕು. ವರನು ಹೊರದೇಶದಿಂದ ಹತ್ತು ದಿನಗಳ ರಜೆಯಲ್ಲಿ ಬರುವವನಾದಲ್ಲಿ, ವಾಸದ ಅವಧಿಯನ್ನು ವಧುವಿನ ಜಿಲ್ಲೆಯಲ್ಲಿ ತೋರಿಸುವಂತೆ ಮೊದಲೇ ಯೋಜಿಸಿಕೊಳ್ಳುವುದು ಉತ್ತಮ.

ಧರ್ಮವನ್ನು ಅವಲಂಬಿಸಿ ಉತ್ತರಾಧಿಕಾರದ ನಿಯಮಗಳು ಬದಲಾಗುತ್ತವೆ. ವಧು-ವರರಿಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನ ಧರ್ಮದವರಾಗಿದ್ದಲ್ಲಿ ಕಲಂ 21ಎ ಪ್ರಕಾರ ಹಿಂದೂ ಉತ್ತರಾಧಿಕಾರದ ಕಾನೂನೇ ಮುಂದುವರಿಯುತ್ತದೆ. ಇತರರಿಗೆ ಸಾಮಾನ್ಯವಾಗಿ ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925 ಅನ್ವಯಿಸುತ್ತದೆ.

4. ಸೋದರ ಸಂಬಂಧದ ವಿವಾಹಗಳು

ಸೋದರಮಾವ, ಅತ್ತೆಯ ಮಗ ಅಥವಾ ಮಾವನ ಮಗಳೊಂದಿಗಿನ ವಿವಾಹ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ರೂಢಿಯಲ್ಲಿದೆ. ಹಿಂದೂ ವಿವಾಹ ಅಧಿನಿಯಮವು ಇಂತಹ ಸಂಬಂಧಗಳನ್ನು ನಿಷಿದ್ಧವೆಂದು ಹೇಳಿದರೂ, ಉಭಯ ಪಕ್ಷಗಳಿಗೆ ಅನ್ವಯಿಸುವ ರೂಢಿ ಅಥವಾ ಸಂಪ್ರದಾಯ ಒಪ್ಪಿದಲ್ಲಿ ವಿನಾಯಿತಿ ನೀಡುತ್ತದೆ. ವಿಶೇಷ ವಿವಾಹ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿಯೂ ಈ ಸಂಬಂಧಗಳು ಸೇರಿವೆ. ಆದರೆ ಅಲ್ಲಿ ವಿನಾಯಿತಿ ಪಡೆಯಲು ರೂಢಿಯು ರಾಜ್ಯ ಸರ್ಕಾರದ ರಾಜ್ಯಪತ್ರದಲ್ಲಿ ಅಧಿಸೂಚಿತವಾಗಿರುವುದು ಅಗತ್ಯ. ವಿದೇಶದ ಸ್ಥಳೀಯ ಕಾನೂನು ಇಂತಹ ವಿವಾಹವನ್ನು ಒಪ್ಪದಿರಲೂಬಹುದು. ಆದುದರಿಂದ ಸೋದರ ಸಂಬಂಧದಲ್ಲಿ ವಿವಾಹವಾಗುವವರು ಮೇಲಿನ (ಅ) ಮಾರ್ಗವನ್ನು ಮೊದಲು ಪರಿಶೀಲಿಸುವುದು ಸೂಕ್ತ. ಬೇರೆ ಮಾರ್ಗ ಆರಿಸುವುದಾದರೆ ಸಂಬಂಧಿಸಿದ ವಿವಾಹಾಧಿಕಾರಿಯಿಂದ ಮುಂಚಿತವಾಗಿ ಸ್ಪಷ್ಟನೆ ಪಡೆಯುವುದು ಅವಶ್ಯ.

5. ಸ್ಥಳೀಯ ಕಾನೂನಿನಂತೆ ವಿವಾಹ

ಪ್ರತಿ ದೇಶದ ನಿಯಮವೂ ಪ್ರತ್ಯೇಕ. ಮಾದರಿಗಾಗಿ ಮೂರು ದೇಶಗಳ ಮುಖ್ಯಾಂಶಗಳನ್ನು ನೀಡಲಾಗಿದೆ.

ಥಾಯ್ಲೆಂಡ್: ಇಲ್ಲಿ ಜಿಲ್ಲಾ ಕಚೇರಿಯಲ್ಲಿ ನೋಂದಣಿಯಾದ ನಂತರವೇ ಸ್ಥಳೀಯ ಕಾನೂನಿನಂತೆ ವಿವಾಹವಾಗುತ್ತದೆ. ಬೌದ್ಧ ಭಿಕ್ಷುಗಳ ಆಶೀರ್ವಾದಕ್ಕಾಗಲಿ ಹೋಟೆಲಿನ ಸಮಾರಂಭಕ್ಕಾಗಲಿ ಪ್ರತ್ಯೇಕ ಕಾನೂನು ಮಾನ್ಯತೆ ಇರುವುದಿಲ್ಲ. ವಿದೇಶಿಯರು ವಿವಾಹವಾಗಲು ಅಡ್ಡಿಯಿಲ್ಲವೆಂಬ ದಾಖಲೆಯನ್ನು ಬ್ಯಾಂಕಾಕ್‌ನಲ್ಲಿರುವ ತಮ್ಮ ದೇಶದ ರಾಯಭಾರ ಕಚೇರಿಯಿಂದ ಪಡೆದು, ಥಾಯ್ ಭಾಷೆಗೆ ಅನುವಾದಿಸಿ, ಅಲ್ಲಿನ ವಿದೇಶಾಂಗ ಸಚಿವಾಲಯದಿಂದ ದೃಢೀಕರಿಸಿಕೊಳ್ಳಬೇಕಾಗುತ್ತದೆ.

ಇಂಡೋನೇಷ್ಯಾ (ಬಾಲಿ): 1974ರ ವಿವಾಹ ಕಾನೂನಿನಂತೆ ವಿವಾಹವು ಪಕ್ಷಗಳ ಧರ್ಮದ ವಿಧಿಯಂತೆ ನಡೆದು, ಆನಂತರ ನೋಂದಣಿಯಾಗಬೇಕು. ಭಿನ್ನ ಧರ್ಮದ ವಧು-ವರರಿಗೆ ಇದು ದೊಡ್ಡ ತೊಡಕಾಗುತ್ತದೆ. 2019ರ ತಿದ್ದುಪಡಿಯ ನಂತರ ವಧು ಮತ್ತು ವರ ಇಬ್ಬರಿಗೂ ಕನಿಷ್ಠ ವಯಸ್ಸು 19 ವರ್ಷ.

ಇಟಲಿ: ನಾಗರಿಕ ಸಂಹಿತೆಯ ಕಲಂ 116ರಂತೆ, ವಿವಾಹಕ್ಕೆ ಅಡ್ಡಿಯಿಲ್ಲವೆಂದು ತಮ್ಮ ದೇಶದ ಸಕ್ಷಮ ಪ್ರಾಧಿಕಾರ ನೀಡಿದ ಹೇಳಿಕೆಯನ್ನು ವಿದೇಶಿಯರು ಹಾಜರುಪಡಿಸಬೇಕು. ಸರೋವರದ ದಂಡೆಯ ಬಂಗಲೆಗಳಲ್ಲಿ ನಡೆಯುವ ಸಾಂಕೇತಿಕ ಸಮಾರಂಭವು ಅಲ್ಲಿನ ಕಾನೂನಿನಂತೆ ವಿವಾಹವಲ್ಲ.

ಸ್ಥಳೀಯ ಕಾನೂನಿನಂತೆ ವಯೋಮಿತಿ ಕಡಿಮೆಯಿದ್ದರೂ, ಭಾರತೀಯ ಕಾನೂನಿನಲ್ಲಿ ನಿಗದಿಪಡಿಸಿರುವ ವರನಿಗೆ 21 ಹಾಗೂ ವಧುವಿಗೆ 18 ವರ್ಷಗಳ ಮಿತಿಯನ್ನು ಪಾಲಿಸತಕ್ಕದ್ದು.

6. ಭಾರತೀಯ ರಾಯಭಾರ ಕಚೇರಿಯಲ್ಲಿ ವಿವಾಹ ಅಥವಾ ನೋಂದಣಿ

ವಿದೇಶಿ ವಿವಾಹ ಅಧಿನಿಯಮ, 1969ರ ಪ್ರಯೋಜನ ಪಡೆಯಲು ವಧು-ವರರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು. ಇಬ್ಬರೂ ವಿದೇಶಿ ಪೌರತ್ವ ಪಡೆದು ಸಾಗರೋತ್ತರ ಭಾರತೀಯ ನಾಗರಿಕ ಚೀಟಿಯನ್ನು ಮಾತ್ರ ಹೊಂದಿದ್ದಲ್ಲಿ ಈ ಅಧಿನಿಯಮ ಅನ್ವಯಿಸುವುದಿಲ್ಲ.

ಈ ಅಧಿನಿಯಮದಡಿ ವಿವಾಹವಾಗಲು ಒಬ್ಬರಾದರೂ ಆ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿ ಸೂಚನಾಪತ್ರಕ್ಕೆ ಮುಂಚೆ 30 ದಿನ ವಾಸವಾಗಿರಬೇಕು. ಆನಂತರ ಪ್ರಕಟಣೆ ಹೊರಟು, ಆಕ್ಷೇಪಣೆಗೆ ಮತ್ತೆ 30 ದಿನಗಳ ಅವಧಿ ಇರುತ್ತದೆ. ಅಂದರೆ ಕನಿಷ್ಠ ಎರಡು ತಿಂಗಳು ಬೇಕಾಗುತ್ತದೆ. ವಿವಾಹವು ವಿವಾಹಾಧಿಕಾರಿಯ ಅಧಿಕೃತ ಕಚೇರಿಯಲ್ಲಿ, ತೆರೆದ ಬಾಗಿಲಿನಲ್ಲಿ, ಕನಿಷ್ಠ ಮೂವರು ಸಾಕ್ಷಿಗಳ ಸಮ್ಮುಖದಲ್ಲಿ ನಡೆಯಬೇಕೇ ಹೊರತು ಆಯ್ದುಕೊಂಡ ಹೋಟೆಲಿನಲ್ಲಲ್ಲ. ಹೀಗಾಗಿ ಒಂದು ವಾರದ ಪ್ರವಾಸಕ್ಕೆ ಹೋಗುವವರಿಗೆ ಈ ಮಾರ್ಗ ಅನುಕೂಲವಲ್ಲ. ಆ ದೇಶದಲ್ಲಿಯೇ ಉದ್ಯೋಗದಲ್ಲಿರುವವರಿಗೆ ಇದು ಉಪಯುಕ್ತ.

ಆದರೆ ಇದೇ ಅಧಿನಿಯಮದ ಕಲಂ 17 ಹೆಚ್ಚಿನವರಿಗೆ ನೆರವಾಗುವಂತಹದು. ಆ ದೇಶದ ಸ್ಥಳೀಯ ಕಾನೂನಿನಂತೆ ನಡೆದ ವಿವಾಹವನ್ನು ಪಕ್ಷಗಳ ಕೋರಿಕೆಯ ಮೇರೆಗೆ ಭಾರತೀಯ ವಿವಾಹಾಧಿಕಾರಿಯು ನೋಂದಾಯಿಸಬಹುದು. ಈ ಸೌಲಭ್ಯ ದೊರೆಯುವುದು ವಿದೇಶದಲ್ಲಿರುವ ಕಚೇರಿಯಲ್ಲಿ. ಆದುದರಿಂದ ಬೇಕಾಗುವ ದಾಖಲೆ ಮತ್ತು ಅವಧಿಯನ್ನು ಮೊದಲೇ ವಿಚಾರಿಸಿ, ತಾಯ್ನಾಡಿಗೆ ಹಿಂದಿರುಗುವ ಮುನ್ನವೇ ಅರ್ಜಿ ಸಲ್ಲಿಸತಕ್ಕದ್ದು.

7. ದಾಖಲೆಗಳ ಸಿದ್ಧತೆ

ಸಾಮಾನ್ಯವಾಗಿ ಕೇಳಲಾಗುವ ದಾಖಲೆಗಳು ಈ ಕೆಳಕಂಡಂತಿವೆ.

1) ಪಾಸ್‌ಪೋರ್ಟ್ (ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಮಾನ್ಯತೆ ಉಳಿದಿರುವುದು ಸೂಕ್ತ).
2) ಜನನ ಪ್ರಮಾಣಪತ್ರ.
3) ಅವಿವಾಹಿತರೆಂಬ ಬಗ್ಗೆ ಅಫಿಡವಿಟ್ ಅಥವಾ ಪ್ರಮಾಣಪತ್ರ.
4) ವಿಚ್ಛೇದಿತರಾಗಿದ್ದಲ್ಲಿ ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿ. ಮೇಲ್ಮನವಿಯ ಅವಧಿ ಮುಗಿದಿರುವುದನ್ನು ಖಚಿತಪಡಿಸಿಕೊಳ್ಳಬೇಕು.
5) ವಿಧುರ ಅಥವಾ ವಿಧವೆಯಾಗಿದ್ದಲ್ಲಿ ಹಿಂದಿನ ಸಂಗಾತಿಯ ಮರಣ ಪ್ರಮಾಣಪತ್ರ.

ಹೆಸರಿನಲ್ಲಿ ವ್ಯತ್ಯಾಸ: ಕರ್ನಾಟಕದ ಅರ್ಜಿದಾರರಲ್ಲಿ ಹೆಚ್ಚಾಗಿ ಕಂಡುಬರುವ ತೊಡಕು ಇದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು, ಪಾಸ್‌ಪೋರ್ಟ್‌ನಲ್ಲಿ ಅವುಗಳ ಪೂರ್ಣರೂಪ, ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿರುವುದು, ಹೀಗೆ ಒಬ್ಬರೇ ವ್ಯಕ್ತಿ ಮೂರು ದಾಖಲೆಗಳಲ್ಲಿ ಮೂರು ವಿಧವಾಗಿ ಕಾಣಿಸುವುದುಂಟು. ಇಲ್ಲಿಯ ಕಚೇರಿಗಳಿಗೆ ಪರಿಚಿತವಾದ ಈ ರೂಢಿ ವಿದೇಶದ ನೋಂದಣಾಧಿಕಾರಿಗೆ ಅರ್ಥವಾಗದು. ಆದುದರಿಂದ ಎಲ್ಲ ದಾಖಲೆಗಳನ್ನು ಪಾಸ್‌ಪೋರ್ಟ್‌ನ ಹೆಸರಿಗೆ ಹೋಲಿಸಿ ನೋಡಿ, ತಿದ್ದುಪಡಿಗೆ ಮೊದಲೇ ಅರ್ಜಿ ಸಲ್ಲಿಸತಕ್ಕದ್ದು.

ದೃಢೀಕರಣ: ಭಾರತವು 2005ರಿಂದ ಹೇಗ್ ಅಪೋಸ್ಟಿಲ್ ಒಪ್ಪಂದದ ಸದಸ್ಯ ರಾಷ್ಟ್ರವಾಗಿದೆ. ಸದಸ್ಯ ದೇಶಗಳಲ್ಲಿ ಬಳಸುವ ದಾಖಲೆಗಳಿಗೆ ವಿದೇಶಾಂಗ ಸಚಿವಾಲಯವು ಅಪೋಸ್ಟಿಲ್ ಮುದ್ರೆ ನೀಡುತ್ತದೆ. ಜನನ ಪ್ರಮಾಣಪತ್ರ, ಅಫಿಡವಿಟ್ ಮುಂತಾದ ವೈಯಕ್ತಿಕ ದಾಖಲೆಗಳನ್ನು ಅದಕ್ಕೆ ಮುನ್ನ ರಾಜ್ಯ ಸರ್ಕಾರದ ನಿಯೋಜಿತ ಪ್ರಾಧಿಕಾರದಿಂದ ದೃಢೀಕರಿಸಿಕೊಳ್ಳಬೇಕಾಗುತ್ತದೆ. ಸದಸ್ಯತ್ವವಿಲ್ಲದ ದೇಶವಾದಲ್ಲಿ, ಸಚಿವಾಲಯದ ದೃಢೀಕರಣದ ನಂತರ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತದೆ. ಇಂಡೋನೇಷ್ಯಾದಲ್ಲಿ ಅಪೋಸ್ಟಿಲ್ ಪದ್ಧತಿ 2022ರಿಂದ ಜಾರಿಯಲ್ಲಿದೆ.

8. ಪ್ರಯಾಣ, ಹಣ ಮತ್ತು ಸಾಮಗ್ರಿ

• ಮೊದಲ ಬಾರಿಗೆ ಪಾಸ್‌ಪೋರ್ಟ್ ಪಡೆಯಬೇಕಾದ ಹಿರಿಯರ ಪಟ್ಟಿಯನ್ನು ದಿನಾಂಕ ಗೊತ್ತುಪಡಿಸುವ ಮೊದಲೇ ಸಿದ್ಧಪಡಿಸುವುದು ಒಳಿತು.
• ಸಂಭಾವನೆ ಪಡೆದು ಕಾರ್ಯನಿರ್ವಹಿಸುವ ಪುರೋಹಿತರು, ಅಡುಗೆಯವರು, ವಾದ್ಯದವರು ಹಾಗೂ ಛಾಯಾಗ್ರಾಹಕರಿಗೆ ಪ್ರವಾಸಿ ವೀಸಾ ಸಾಲದಿರಬಹುದು. ಸಂಬಂಧಿಸಿದ ದೇಶದ ವೀಸಾ ಕಚೇರಿಯಲ್ಲಿ ವಿಚಾರಿಸತಕ್ಕದ್ದು.
• ನಿವಾಸಿ ಭಾರತೀಯರು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಂದು ಆರ್ಥಿಕ ವರ್ಷದಲ್ಲಿ ತಲಾ 2,50,000 ಅಮೆರಿಕನ್ ಡಾಲರ್‌ಗಳವರೆಗೆ ಕಳುಹಿಸಬಹುದು. ಬ್ಯಾಂಕ್ ಅಥವಾ ಪ್ರವಾಸ ಸಂಸ್ಥೆಯು ಮೂಲದಲ್ಲಿ ಸಂಗ್ರಹಿಸುವ ತೆರಿಗೆಯ ರಸೀದಿಯನ್ನು ಇಟ್ಟುಕೊಂಡಲ್ಲಿ ಆದಾಯ ತೆರಿಗೆ ವಿವರಣೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬಹುದು.
• ಮದುವೆಯ ಒಡವೆಗಳನ್ನು ಒಯ್ಯುವವರು ಹೊರಡುವ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆದಲ್ಲಿ, ಹಿಂದಿರುಗುವಾಗ ಅವು ತಮ್ಮವೇ ಎಂದು ತೋರಿಸಲು ಅನುಕೂಲವಾಗುತ್ತದೆ.
• ಕರ್ಪೂರ ಹಾಗೂ ಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತುಗಳಾದುದರಿಂದ ವಿಮಾನದಲ್ಲಿ ಒಯ್ಯುವಂತಿಲ್ಲ. ಹೂವು, ವೀಳ್ಯದೆಲೆ, ತೆಂಗಿನಕಾಯಿ, ಧಾನ್ಯಗಳಿಗೆ ಅನೇಕ ದೇಶಗಳಲ್ಲಿ ಸಸ್ಯ ಸಂಪರ್ಕನಿಷೇಧ ನಿಯಮಗಳು ಅನ್ವಯಿಸುತ್ತವೆ. ಹೋಮಕ್ಕೆ ಅಗ್ನಿ ಹೊತ್ತಿಸಲು ಅನುಮತಿಯಿದೆಯೇ ಎಂಬುದನ್ನು ಸ್ಥಳದ ಮಾಲೀಕರಿಂದ ಲಿಖಿತವಾಗಿ ಪಡೆಯುವುದು ಸೂಕ್ತ.

9. ವಧುವಿನ ಹಿತರಕ್ಷಣೆ

ವಿದೇಶದಲ್ಲಿರುವ ವರನ ಉದ್ಯೋಗ, ವಾಸದ ವಿಳಾಸ, ವೀಸಾದ ಸ್ವರೂಪ ಹಾಗೂ ಹಿಂದಿನ ವೈವಾಹಿಕ ಸ್ಥಿತಿಯನ್ನು ಕುಟುಂಬದವರು ದಾಖಲೆಗಳ ಮೂಲಕ ಪರಿಶೀಲಿಸಬೇಕು. ಆಮಂತ್ರಣ ಪತ್ರಿಕೆ, ಛಾಯಾಚಿತ್ರ ಮತ್ತು ವೀಡಿಯೊಗಳು ವಿಧಿ ನಡೆದುದಕ್ಕೆ ಪೂರಕ ಸಾಕ್ಷ್ಯಗಳಾಗಬಹುದಾದರೂ ಪ್ರಮಾಣಪತ್ರದ ಸ್ಥಾನವನ್ನು ಅವು ತುಂಬಲಾರವು. ಭಾರತದಲ್ಲಿ ಕಾಯಂ ನೆಲೆಯುಳ್ಳ ಹಿಂದೂಗಳು ಹೊರದೇಶದಲ್ಲಿದ್ದಾಗಲೂ ಹಿಂದೂ ವಿವಾಹ ಅಧಿನಿಯಮ ಅವರಿಗೆ ಅನ್ವಯಿಸುತ್ತದೆ. ಆದರೂ ಯಾವ ಕಚೇರಿಯಲ್ಲಿಯೂ ದಾಖಲಾಗದ ವಿವಾಹವನ್ನು ವರ್ಷಗಳ ನಂತರ ಅಲ್ಲಗಳೆಯಲಾದರೆ, ಬೇರೆ ದೇಶದಲ್ಲಿ ನಡೆದ ವಿಧಿಗಳನ್ನು ಸಾಕ್ಷಿಗಳ ಮೂಲಕ ರುಜುವಾತುಪಡಿಸುವ ಹೊರೆ ಸಾಮಾನ್ಯವಾಗಿ ವಧುವಿನ ಮೇಲೆಯೇ ಬೀಳುತ್ತದೆ. ಮೂಲ ವಿವಾಹ ಪ್ರಮಾಣಪತ್ರ ಅಥವಾ ಅದರ ದೃಢೀಕೃತ ಪ್ರತಿ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳು ವಧುವಿನ ಸ್ವಂತ ವಶದಲ್ಲಿಯೂ, ಒಂದು ಪ್ರತಿ ತವರುಮನೆಯಲ್ಲಿಯೂ ಇರುವುದು ಅವಶ್ಯ. ಅನಿವಾಸಿ ಭಾರತೀಯರೊಂದಿಗಿನ ವಿವಾಹಗಳಲ್ಲಿ ತೊಂದರೆಗೊಳಗಾದ ಮಹಿಳೆಯರು ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ಭಾರತೀಯ ಘಟಕಕ್ಕೆ ಹಾಗೂ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದ ಮೂಲಕ ದೂರು ಸಲ್ಲಿಸಬಹುದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕರ್ನಾಟಕದಲ್ಲಿ ವಿವಾಹವಾದ ಮೇಲೆ ವಿದೇಶದಲ್ಲಿ ಮತ್ತೊಮ್ಮೆ ನೋಂದಣಿ ಮಾಡಿಸಬಹುದೇ?
ಉತ್ತರ: ಸ್ಥಳೀಯ ಕಾನೂನಿನಂತೆ ಹೊಸದಾಗಿ ವಿವಾಹವಾಗಲು ಅವಿವಾಹಿತರೆಂದು ಘೋಷಿಸಬೇಕಾಗುತ್ತದೆ. ಈಗಾಗಲೇ ವಿವಾಹವಾದವರು ಹಾಗೆ ಘೋಷಿಸುವಂತಿಲ್ಲ. ವಿದೇಶದಲ್ಲಿ ಕೇವಲ ಸಮಾರಂಭ ನಡೆಸಬಹುದು.

ಪ್ರಶ್ನೆ: ಅರ್ಜಿಗಳಲ್ಲಿ ಯಾವ ದಿನಾಂಕವನ್ನು ವಿವಾಹದ ದಿನಾಂಕವೆಂದು ನಮೂದಿಸಬೇಕು?
ಉತ್ತರ: ವಿವಾಹ ಪ್ರಮಾಣಪತ್ರದಲ್ಲಿರುವ ವಿವಾಹದ ದಿನಾಂಕವನ್ನು. ಸಮಾರಂಭದ ದಿನಾಂಕವನ್ನಲ್ಲ. ಎಲ್ಲ ಅರ್ಜಿಗಳಲ್ಲಿಯೂ ಒಂದೇ ದಿನಾಂಕ ಇರತಕ್ಕದ್ದು.

ಪ್ರಶ್ನೆ: ಚರ್ಚ್‌ನಲ್ಲಿ ನಡೆಯುವ ವಿವಾಹಕ್ಕೆ ಯಾವ ಕಾನೂನು ಅನ್ವಯಿಸುತ್ತದೆ?
ಉತ್ತರ: ಭಾರತೀಯ ಕ್ರೈಸ್ತ ವಿವಾಹ ಅಧಿನಿಯಮ, 1872 ಭಾರತದೊಳಗೆ ನಡೆಯುವ ವಿವಾಹಗಳಿಗೆ ಸಂಬಂಧಿಸಿದೆ. ವಿದೇಶದ ಚರ್ಚ್‌ನಲ್ಲಿ ನಡೆಯುವ ವಿವಾಹಕ್ಕೆ ಆ ದೇಶದ ನಾಗರಿಕ ಕಾನೂನಿನ ಅಗತ್ಯಗಳನ್ನೂ ಪೂರೈಸಬೇಕಾಗುತ್ತದೆ.

ಪ್ರಶ್ನೆ: ವಿದೇಶದಲ್ಲಿ ಪಡೆದ ವಿವಾಹ ಪ್ರಮಾಣಪತ್ರಕ್ಕೆ ಭಾರತದಲ್ಲಿ ಅಪೋಸ್ಟಿಲ್ ಮುದ್ರೆ ದೊರೆಯುವುದೇ?
ಉತ್ತರ: ಇಲ್ಲ. ಪ್ರಮಾಣಪತ್ರ ನೀಡಿದ ದೇಶದ ಪ್ರಾಧಿಕಾರದಿಂದಲೇ ಅದನ್ನು ಪಡೆಯಬೇಕು. ಹಿಂದಿರುಗುವ ಮುನ್ನ ಈ ಕಾರ್ಯವನ್ನು ಪೂರ್ಣಗೊಳಿಸುವುದು ಉತ್ತಮ.

11. ಕ್ರಮಾನುಸಾರ ಸಾರಾಂಶ

ಮೊದಲು ಕಾನೂನು ಮಾರ್ಗದ ಆಯ್ಕೆ. ಎರಡನೆಯದಾಗಿ ವಯಸ್ಸು, ಸಂಬಂಧ ಹಾಗೂ ಹಿಂದಿನ ವಿವಾಹದ ದಾಖಲೆಗಳ ಪರಿಶೀಲನೆ. ಮೂರನೆಯದಾಗಿ ಸಂಬಂಧಿಸಿದ ದೇಶದ ನೋಂದಣಿ ಕಚೇರಿ ಮತ್ತು ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಲಿಖಿತ ವಿಚಾರಣೆ. ನಾಲ್ಕನೆಯದಾಗಿ ದಾಖಲೆಗಳ ತಿದ್ದುಪಡಿ ಮತ್ತು ದೃಢೀಕರಣ. ಐದನೆಯದಾಗಿ ಮುಹೂರ್ತ ಮತ್ತು ಸ್ಥಳದ ನಿಗದಿ. ಕೊನೆಯದಾಗಿ ಮುಂಗಡ ಪಾವತಿ ಹಾಗೂ ಆಮಂತ್ರಣ. ಈ ಕ್ರಮವನ್ನು ಪಾಲಿಸಿದಲ್ಲಿ ಸಮಾರಂಭದ ದಿನ ಮಳೆಯಿಂದಲೋ ವಿಮಾನದ ವಿಳಂಬದಿಂದಲೋ ಅಡಚಣೆಯಾದರೂ ವಿವಾಹದ ಸಿಂಧುತ್ವಕ್ಕೆ ಧಕ್ಕೆಯಾಗದಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಲು ಸಾಧ್ಯವಾಗುತ್ತದೆ.

ಸೂಚನೆ: ಶುಲ್ಕ, ನಮೂನೆ ಹಾಗೂ ವಿದೇಶಗಳ ನಿಯಮಗಳು ಕಾಲಕಾಲಕ್ಕೆ ಬದಲಾವಣೆಗೆ ಒಳಪಟ್ಟಿರುತ್ತವೆ. ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅರ್ಜಿ ಸಲ್ಲಿಸುವ ಮುನ್ನ ಸಮೀಪದ ಉಪನೋಂದಣಿ ಕಚೇರಿಯನ್ನು ಅಥವಾ ಸಂಬಂಧಿಸಿದ ರಾಯಭಾರ ಕಚೇರಿಯನ್ನು ಸಂಪರ್ಕಿಸಿ ಖಚಿತಪಡಿಸಿಕೊಳ್ಳತಕ್ಕದ್ದು.